ಕಣ್ಣಿನ ಕೆಳಗಿನ ಮೂಳೆ ಮುರಿದರೆ ಟೈಟಾನಿಯಂ ಹಾಕಿಸಲೇಬೇಕಾ?

ತಮ್ಮನಿಗೆ ಕ್ರಿಕೆಟ್ ಬಾಲ್ ಬಡಿದು ಕಣ್ಣಿನ ಗೂಡಿನ ತಳದ ಮೂಳೆ ಒಡೆದಿದೆ, ಟೈಟಾನಿಯಂ ಜಾಲರಿ ಹಾಕಬೇಕು ಅಂದಿದ್ದಾರೆ, ಮುಂದೆ ಆ ಲೋಹದಿಂದ ತೊಂದರೆ ಆಗುತ್ತದಾ ಎಂದು ಕೇಳಿದ್ದೀರಿ. ನಾನು ಮುಖದ ಮೂಳೆಗಳ ಸರ್ಜನ್. ಲೋಹದ ಬಗ್ಗೆ ಅಷ್ಟು ಹೆದರಬೇಡಿ. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಮುಂದೆ ಎಂಆರ್‌ಐ ಮಾಡಿಸಬಹುದು, ಅಲ್ಲಿನವರಿಗೆ ಮೊದಲೇ ತಿಳಿಸಿದರೆ ಸಾಕು. ಸೋಂಕಿನಂಥ ತೊಂದರೆ ಬರದಿದ್ದರೆ ತೆಗೆಸುವ ಅಗತ್ಯವೂ ಇಲ್ಲ.

ನೀವು ಕೇಳಬೇಕಾದ್ದು ಬೇರೆ: ಆಪರೇಷನ್ ಬೇಕೇ ಬೇಕಾ, ಬೇಕಾದರೆ ಯಾವಾಗ?

ಆ ತಳ ಮೊಟ್ಟೆಯ ಚಿಪ್ಪಿನಷ್ಟು ತೆಳು. ಅದರ ಕೆಳಗಿರುವುದು ಸೈನಸ್, ಅಂದರೆ ಮೂಗಿಗೆ ಸೇರಿಕೊಂಡ, ಗಾಳಿ ತುಂಬಿದ ಟೊಳ್ಳು. ತಳ ಒಡೆದಾಗ ಕಣ್ಣಿನ ಸುತ್ತಲ ಕೊಬ್ಬು, ಕೆಲವೊಮ್ಮೆ ಸ್ನಾಯು ಕೂಡ, ಕೆಳಗೆ ಜಾರುತ್ತದೆ. ಸ್ನಾಯು ಸಿಕ್ಕಿಕೊಂಡರೆ ಮೇಲೆ ನೋಡಿದಾಗ ಒಂದು ಎರಡಾಗಿ ಕಾಣುತ್ತದೆ. ಕೊಬ್ಬು ಜಾಸ್ತಿ ಇಳಿದರೆ ಕಣ್ಣು ಒಳಕ್ಕೆ ಹೋಗುತ್ತದೆ. ಮೊದಲ ಕೆಲವು ದಿನ ಊತದಿಂದಾಗಿ ಇದು ಗೊತ್ತೇ ಆಗುವುದಿಲ್ಲ. ಅದಕ್ಕೇ ದೊಡ್ಡವರಲ್ಲಿ ಊತ ಇಳಿಯುವವರೆಗೆ ಕಾಯುತ್ತೇವೆ, ಆದರೆ ಸಾಮಾನ್ಯವಾಗಿ 2 ವಾರ ದಾಟಿಸುವುದಿಲ್ಲ. ಆಮೇಲೆ ಒಳಗೆಲ್ಲ ಅಂಟಿಕೊಂಡು ಬಿಡಿಸುವುದು ಕಷ್ಟ. ಸಿಟಿ ಸ್ಕ್ಯಾನಿನಲ್ಲಿ ತಳದ ಅರ್ಧಕ್ಕಿಂತ ಹೆಚ್ಚು ಒಡೆದಿದ್ದರೆ, ಕಣ್ಣು 2 ಮಿಲಿಮೀಟರ್‌ಗಿಂತ ಹೆಚ್ಚು ಒಳಗೆ ಹೋಗಿದ್ದರೆ ಅಥವಾ ಸ್ನಾಯು ಸಿಕ್ಕಿ ಎರಡಾಗಿ ಕಾಣುವುದು ಹೋಗದಿದ್ದರೆ ಆಪರೇಷನ್ ಮಾಡಿಸಿ. ಬಿರುಕು ಚಿಕ್ಕದಿದ್ದು ಕಣ್ಣು ಎಲ್ಲ ಕಡೆ ಸಲೀಸಾಗಿ ತಿರುಗುತ್ತಿದ್ದರೆ ಸುಮ್ನೆ ಬಿಡುವುದೇ ಒಳ್ಳೆಯದು.

ಕೆಳ ರೆಪ್ಪೆಯ ಒಳಭಾಗದಲ್ಲಿ ಕೊಯ್ದು ಹೋಗಬಹುದು, ಹಾಗಾಗಿ ಹೊರಗೆ ಗಾಯದ ಗುರುತು ಕಾಣುವುದಿಲ್ಲ. ಜಾರಿದ ಕೊಬ್ಬನ್ನು ನಿಧಾನವಾಗಿ ಮೇಲೆತ್ತಿ, ಅಳತೆಗೆ ಕತ್ತರಿಸಿ ಬಗ್ಗಿಸಿದ ಜಾಲರಿಯನ್ನು ಕೆಳಗೆ ಸರಿಸುತ್ತೇವೆ. ಕತ್ತರಿಸಿದ ಅಂಚಿನಲ್ಲಿ ಒಂದು ಮುಳ್ಳು ಉಳಿದರೂ ಕೊಬ್ಬು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಕೆಲಸ ಹಿಂದಿನ ತುದಿಯದು. ಅದು ಆಳದಲ್ಲಿ ಉಳಿದಿರುವ ಗಟ್ಟಿ ಮೂಳೆಯ ಮೇಲೇ ಕೂರಬೇಕು, ದೃಷ್ಟಿಯ ನರ ಅಲ್ಲಿಂದ ದೂರವಿಲ್ಲ. ತುದಿ ಸೈನಸ್ಸಿನೊಳಗೆ ಇಳಿದರೆ ಆಪರೇಷನ್ ಆದರೂ ಕಣ್ಣು ಒಳಗೇ ಉಳಿಯುತ್ತದೆ. ಕೂತಿತು ಅನ್ನಿಸಿದ ಮೇಲೆ ಚಿಮಟದಲ್ಲಿ ಕಣ್ಣನ್ನು ಹಿಡಿದು ಮೇಲೆ ಕೆಳಗೆ ತಿರುಗಿಸಿ ನೋಡುತ್ತೇವೆ. ಎಲ್ಲೂ ತಡೆಯದೆ ತಿರುಗಿತೋ, ಆಗ ಮುಂದಿನ ಅಂಚಿಗೆ ಪುಟ್ಟ ಸ್ಕ್ರೂ.

ಕೆನ್ನೆ, ಮೇಲಿನ ವಸಡು ಜೋಮು ಹಿಡಿದಂತೆ ಇದ್ದರೆ ಗಾಬರಿ ಬೇಡ. ಆ ಭಾಗದ ಸ್ಪರ್ಶದ ನರ ಒಡೆದ ತಳದಲ್ಲೇ ಹಾದುಹೋಗುತ್ತದೆ, ಸರಿಹೋಗಲು ತಿಂಗಳುಗಳೇ ಹಿಡಿಯಬಹುದು. ಈಗಿನಿಂದಲೇ ಮೂಗು ಸೀದಲು ಬಿಡಬೇಡಿ, ಗಾಳಿ ಕಣ್ಣಿನ ಗೂಡಿಗೆ ನುಗ್ಗುತ್ತದೆ. ಆಪರೇಷನ್‌ಗೆ ಮುಂಚೆಯಾಗಲಿ ನಂತರವಾಗಲಿ ತೀವ್ರ ನೋವಿನ ಜೊತೆ ದೃಷ್ಟಿ ಮಂಜಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ತಮ್ಮನ ವಯಸ್ಸು ಎಷ್ಟು ಅಂತ ನೀವು ಬರೆದಿಲ್ಲ. ಚಿಕ್ಕ ಹುಡುಗನಾದರೆ ಮೇಲೆ ಹೇಳಿದ 2 ವಾರದ ಲೆಕ್ಕ ನಡೆಯದೇ ಇರಬಹುದು. ಮಕ್ಕಳ ಮೂಳೆ ಬಗ್ಗುತ್ತದೆ. ಬಿರುಕು ತೆರೆದು, ಸ್ನಾಯುವನ್ನು ಹಿಡಿದು, ಮತ್ತೆ ಮುಚ್ಚಿಕೊಳ್ಳುತ್ತದೆ. ಹೊರಗೆ ಊತವಾಗಲಿ ಕೆಂಪಾಗಲಿ ಅಷ್ಟಾಗಿ ಇರುವುದಿಲ್ಲ. ಮೇಲೆ ನೋಡು ಅಂದರೆ ಆ ಕಣ್ಣು ಏಳದೆ, ವಾಂತಿಯೂ ಆಗುತ್ತಿದ್ದರೆ, ಸ್ನಾಯು ಸಾಯುವ ಮುಂಚೆ ಒಂದೆರಡು ದಿನದೊಳಗೆ ಬಿಡಿಸಬೇಕು. ಹಾಗಿದ್ದರೆ ಈ ಉತ್ತರ ಓದಿದ ಕೂಡಲೇ ಹೊರಡಿ.