ಬ್ಲರ್ ಇದ್ರೆ ಫೈನ್ ಆರ್ಟ್, ಶಾರ್ಪ್ ಇದ್ರೆ ಅಲ್ವಾ? ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ನಮಸ್ಕಾರ. ನಿಮ್ಮ ಪತ್ರಾನೂ ಅದ್ರ ಜೊತೆ ಕಳಿಸಿದ ಫೋಟೋಗಳನ್ನೂ ನಿಧಾನಕ್ಕೆ ಕೂತು ನೋಡಿದೆ. ಬೇರೆ ಓದುಗರಿಗೂ ವಿಷಯ ಗೊತ್ತಾಗ್ಲಿ ಅಂತ ಚುಟುಕಾಗಿ ಹೇಳಿಬಿಡ್ತೀನಿ. ನೀವು ಐದು ಜನ ಗೆಳೆಯರು, ಯಾರಿಗೂ ಫೋಟೋಗ್ರಫಿ ಹೊಟ್ಟೆಪಾಡಲ್ಲ, ರಜೆ ಸಿಕ್ಕಾಗೆಲ್ಲ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಹೊರಡ್ತೀರಿ. ಹೋದ ವರ್ಷ ಒಂದು ಸ್ಪರ್ಧೆಯ ಫೈನ್ ಆರ್ಟ್ ವಿಭಾಗಕ್ಕೆ ಎಲ್ರೂ ಎಂಟ್ರಿ ಕಳಿಸಿದ್ರಿ, ಒಂದೂ ಆಯ್ಕೆ ಆಗ್ಲಿಲ್ಲ, "ತಾಂತ್ರಿಕವಾಗಿ ಚೆನ್ನಾಗಿದೆ, ಆದ್ರೆ ಫೈನ್ ಆರ್ಟ್ ಅಲ್ಲ" ಅಂತ ಒಂದೇ ಸಾಲಿನ ಷರಾ ಬಂತು, ಮೊದಲ ಬಹುಮಾನ ಹೋಗಿದ್ದು ಕ್ಯಾಮೆರಾ ಅಲ್ಲಾಡಿಸಿ ತೆಗೆದ ಮರಗಳ ಫೋಟೋಗೆ. "ಫೋಕಸ್ಸೇ ಇಲ್ಲದ್ದಕ್ಕೆ ಬಹುಮಾನ, ಒಂದೊಂದು ಎಲೆನೂ ಎಣಿಸೋ ಹಾಗೆ ತೆಗೆದ ನಮಗೆ ಸೊನ್ನೆ, ಇದು ಯಾವ ನ್ಯಾಯ?" ಅಂತ ಕೇಳಿದೀರಿ. ಈ ವರ್ಷದ ಸ್ಪರ್ಧೆಗೆ ಎಂಟ್ರಿ ಕಳಿಸೋ ಕೊನೇ ದಿನಕ್ಕೆ ಇನ್ನು ಆರು ವಾರ ಇದೆ, ಅಷ್ಟರಲ್ಲಿ ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕೋ, ಬೆಳಕು ಕಮ್ಮಿ ಮಾಡೋ ಕಪ್ಪು ಗಾಜು) ತಗೋಬೇಕಾ, ಎಲ್ಲಾನೂ ಬ್ಲ್ಯಾಕ್ ಅಂಡ್ ವೈಟ್ ಮಾಡ್ಬೇಕಾ, ಫೋಟೋಶಾಪ್ ಎಷ್ಟರ ಮಟ್ಟಿಗೆ ಮಾಡಿದ್ರೆ ಮೋಸ ಅಲ್ಲ, ಟೈಟಲ್ ಹೇಗಿಡೋದು ಅನ್ನೋದು ಮಿಕ್ಕ ಪ್ರಶ್ನೆಗಳು.

ಮೊದ್ಲು ಆ ಷರಾ ಬಗ್ಗೆ. ಅಷ್ಟು ಕಷ್ಟಪಟ್ಟು ಕಳಿಸಿದೋರಿಗೆ ಒಂದು ಸಾಲು ಗೀಚಿ ಕೈ ತೊಳ್ಕೊಳ್ಳೋದು ಸರಿಯಲ್ಲ, ಇದ್ರಲ್ಲಿ ನಾನು ನಿಮ್ಮ ಕಡೆ. ಆದ್ರೆ ತೀರ್ಪು ತಪ್ಪು ಅಂತ ನಾನು ಹೇಳಲ್ಲ. ನೇಚರ್ ವಿಭಾಗದಲ್ಲಿ ಜಡ್ಜ್ ನೋಡೋದು ಅಲ್ಲಿ ಏನಿತ್ತು, ಅದನ್ನ ಎಷ್ಟು ಪ್ರಾಮಾಣಿಕವಾಗಿ ತೋರಿಸಿದೀರಿ ಅಂತ. ಫೈನ್ ಆರ್ಟ್ ವಿಭಾಗಕ್ಕೆ ಬಂದಾಗ ಅದೇ ಜಡ್ಜ್ ಬೇರೆ ಪ್ರಶ್ನೆ ಇಟ್ಕೊಂಡು ಕೂತಿರ್ತಾರೆ, ಕಂಡಿದ್ದನ್ನ ಇಟ್ಕೊಂಡು ಈ ಮನುಷ್ಯ ಏನು ಹೇಳೋಕೆ ಹೊರಟಿದಾನೆ ಅಂತ. ನೀವು ಐದೂ ಜನ ಮೊದಲ್ನೇ ಪ್ರಶ್ನೆಗೆ ಬಹಳ ಒಳ್ಳೇ ಉತ್ತರ ಬರೆದು ಎರಡನೇ ಪ್ರಶ್ನೆಯ ಹಾಳೆಗೆ ಅಂಟಿಸಿ ಕಳಿಸಿದೀರಿ.

ನೀವು ಕಳಿಸಿದ್ದರಲ್ಲಿ ಹೆಚ್ಚಿನವು ಒಂದೇ ಬೆಳಗ್ಗೆ ಒಂದೇ ಕೆರೆ ಹತ್ರ ತೆಗೆದಿದ್ದು ಅಂತ ನೋಡಿದ್ರೇ ಗೊತ್ತಾಗುತ್ತೆ. ಮಂಜು, ಒಂಟಿ ದೋಣಿ, ನೀರಲ್ಲಿ ಅದ್ರ ಪ್ರತಿಬಿಂಬ, ಮೇಲ್ಗಡೆ ಮೂಲೆಯಿಂದ ಬಗ್ಗಿದ ಒಂದು ಕೊಂಬೆ. ಎಲ್ಲಾ ಚೆಂದ ಇದೆ. ಆದ್ರೆ ಫೈಲಿನ ಹೆಸರು ಮುಚ್ಚಿಟ್ಟು ನೋಡಿದಾಗ ಯಾವುದು ಯಾರದ್ದು ಅಂತ ಹೇಳೋಕೆ ನನಗಾಗ್ಲಿಲ್ಲ, ನನ್ನ ಪ್ರಕಾರ ನಿಮ್ಮ ಎಂಟ್ರಿಗಳ ನಿಜವಾದ ತೊಂದರೆ ಇದೇ. ಐದು ಜನರ ಐದು ಸ್ವಭಾವ, ಐದು ಥರದ ಬದುಕು, ಅದ್ಯಾವುದೂ ಫ್ರೇಮಿನೊಳಗೆ ಬಂದಿಲ್ಲ, ಬಂದಿರೋದು ಕೆರೆ ಮಾತ್ರ. ಬ್ಲರ್ ಇಲ್ಲದ್ದಕ್ಕೆ ಸೋತ್ರಿ ಅಂತ ನೀವು ಅಂದ್ಕೊಂಡಿದೀರಿ, ಹಾಗಲ್ಲ.

ಬ್ಲರ್ ಮತ್ತು ಶಾರ್ಪ್ ಜಗಳ ಬಹಳ ಹಳೇದು, ಅದನ್ನ ಸ್ವಲ್ಪ ತಿಳ್ಕೊಂಡ್ರೆ ನಿಮ್ಮ ಬೇಜಾರೂ ಕಮ್ಮಿ ಆಗ್ಬಹುದು. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅಂತ ಇಂಗ್ಲೆಂಡಿನ ಒಬ್ಬ ಹೆಣ್ಣುಮಗಳು, 1863ರ ಕೊನೆಯಲ್ಲಿ ಅವರ ಮಗಳು ಅಳಿಯ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟಾಗ ಆಕೆಗೆ 48 ವರ್ಷ, ಅಲ್ಲಿಂದ ಶುರು ಮಾಡಿ ತೆಗೆದ ಮುಖಗಳಲ್ಲಿ ಫೋಕಸ್ ಮೆತ್ತಗಿರೋದು, ಫಿಲ್ಮಿನ ಬದಲು ಆಗ ಬಳಸ್ತಿದ್ದ ಗಾಜಿನ ಪ್ಲೇಟಿನ ಮೇಲೆ ಗೀರು ಕಲೆ ಹಾಗೇ ಉಳ್ಕೊಂಡಿರೋದು, ಆಗಿನ ಫೋಟೋಗ್ರಫಿ ಪತ್ರಿಕೆಗಳು ಆಕೆಗೆ ಕ್ಯಾಮೆರಾ ಹಿಡಿಯೋಕೇ ಬರಲ್ಲ ಅನ್ನೋ ಹಾಗೆ ಬರೆದ್ವು. ಇವತ್ತು ಆ ಮುಖಗಳನ್ನ ದೊಡ್ಡ ದೊಡ್ಡ ಮ್ಯೂಸಿಯಂಗಳು ಜೋಪಾನ ಮಾಡ್ತಿವೆ. ಆಮೇಲೆ ಪಿಕ್ಟೋರಿಯಲಿಸಂ ಅನ್ನೋ ಪಂಥದ ಕಾಲದಲ್ಲಿ ಪೇಂಟಿಂಗ್ ಥರ ಮೃದುವಾಗಿ ಕಂಡ್ರೇ ಕಲೆ ಅನ್ನೋ ಮಟ್ಟಕ್ಕೆ ಹೋಯ್ತು, ಅದು ಹಳಸಿದಾಗ 1932ರಲ್ಲಿ ಅಮೆರಿಕದ ಫೋಟೋಗ್ರಾಫರುಗಳಾದ ಎಡ್ವರ್ಡ್ ವೆಸ್ಟನ್, ಆನ್ಸೆಲ್ ಆಡಮ್ಸ್, ಇಮೊಜೆನ್ ಕನಿಂಗ್‌ಹ್ಯಾಮ್ ಮುಂತಾದೋರು ಸೇರಿ ಗ್ರೂಪ್ ಎಫ್/64 ಅಂತ ಗುಂಪು ಕಟ್ಟಿದ್ರು, ಹೆಸರೇ ಹೇಳೋ ಹಾಗೆ ಸಣ್ಣ ಅಪರ್ಚರ್ (ಲೆನ್ಸಲ್ಲಿ ಬೆಳಕು ಒಳಬಿಡೋ ಕಿಂಡಿ, ಎಫ್ ನಂಬರ್ ದೊಡ್ಡದಾದಷ್ಟೂ ಅದು ಚಿಕ್ಕದು), ಮುಂದಿಂದ ಹಿಂದಿನವರೆಗೂ ಎಲ್ಲಾ ಶಾರ್ಪ್. ಆಗ ಕ್ರಾಂತಿ ಅನ್ನಿಸಿಕೊಂಡಿದ್ದು ನೀವು ಮಾಡ್ತಿರೋ ಈ ಶಾರ್ಪ್ ಫೋಟೋನೇ! ಹಾಗಾಗಿ ಹೋದ ವರ್ಷ ಮರ ಅಲ್ಲಾಡಿದ್ದಕ್ಕೆ ಬಹುಮಾನ ಬಂತು, ಈ ವರ್ಷ ನಾವೂ ಅಲ್ಲಾಡಿಸೋಣ ಅಂತ ಹೊರಟ್ರೆ ಬೇರೆಯವರ ಅಂಗಿ ಹಾಕ್ಕೊಂಡು ನಿಂತ ಹಾಗಾಗುತ್ತೆ, ಅಳತೆ ಸರಿಯಿಲ್ಲ ಅಂತ ಯಾರಿಗಾದ್ರೂ ಕಾಣುತ್ತೆ.

ಇಷ್ಟು ಹೇಳಿದ್ಮೇಲೆ ಇನ್ನೊಂದು ಮಾತೂ ಹೇಳ್ಬೇಕು. ಕೆಲವು ಸ್ಪರ್ಧೆಗಳಲ್ಲಿ ಎಫೆಕ್ಟ್ ನೋಡಿ ಮಾರ್ಕ್ಸ್ ಹಾಕೋ ಜಡ್ಜ್‌ಗಳು ಇದಾರೆ, ಹಾಲಿನಂಥ ನೀರು, ಒಂಟಿ ಮರ, ಚೌಕ ಫ್ರೇಮ್, ಕಪ್ಪುಬಿಳುಪು, ಇಷ್ಟಿದ್ರೆ ಸಾಕು ಫೈನ್ ಆರ್ಟ್ ಅಂದುಬಿಡ್ತಾರೆ. ನಮ್ಮ ಪತ್ರಿಕೆಗೆ ಬರೋ ಫೋಟೋಗಳಲ್ಲೂ ಆ ಥರದವು ರಾಶಿ ರಾಶಿ ಬರ್ತವೆ, ನಾನು ಹಾಕೋದು ಕಮ್ಮಿ. ಗೆದ್ದ ಆ ಮರಗಳ ಫೋಟೋ ಅಂಥದ್ದಾ, ಇಲ್ಲ ನಿಜವಾಗ್ಲೂ ಏನೋ ಹೇಳುತ್ತಾ ಅಂತ ನೀವೇ ಇನ್ನೊಂದು ಸಲ ಸಿಟ್ಟಿಲ್ಲದೆ ನೋಡಿ. ಕ್ಯಾಮೆರಾ ಅಲ್ಲಾಡಿಸೋದು ಸುಲಭ ಅಂತ ಬರೆದಿದೀರಲ್ಲ, ಐಸಿಎಂ (ಇಂಟೆನ್ಶನಲ್ ಕ್ಯಾಮೆರಾ ಮೂವ್‌ಮೆಂಟ್, ಬೇಕಂತಲೇ ಕ್ಯಾಮೆರಾ ಅಲ್ಲಾಡಿಸೋದು) ಅಂತ ಕರೀತಾರೆ ಅದನ್ನ, ಕಾಲು ಸೆಕೆಂಡಿಂದ ಒಂದು ಸೆಕೆಂಡಿನವರೆಗೆ ಶಟರ್ ಇಟ್ಟು ಕಾಂಡದ ಉದ್ದಕ್ಕೂ ಮೇಲಿಂದ ಕೆಳಕ್ಕೆ ಕ್ಯಾಮೆರಾ ಎಳೆದು ನೋಡಿ, ಯಾವ ವೇಗಕ್ಕೆ ಮರ ಮರವಾಗೇ ಉಳಿಯುತ್ತೆ, ಯಾವ ವೇಗಕ್ಕೆ ಬರೀ ಬಣ್ಣದ ಗೀಟಾಗುತ್ತೆ ಅಂತ ಕೈಗೆ ಗೊತ್ತಾಗೋಕೇ ಬಹಳ ಹೊತ್ತು ಬೇಕು.

ಹಾಗಾದ್ರೆ ಆರು ವಾರದಲ್ಲಿ ಏನ್ ಮಾಡೋದು? ನನ್ನ ಸಲಹೆ, ಐದು ಜನ ಒಟ್ಟಿಗೆ ಎಲ್ಲೂ ಹೋಗ್ಬೇಡಿ. ಒಬ್ಬೊಬ್ಬರು ಒಂದೊಂದು ವಿಷಯ ಹಿಡೀರಿ, ಅದು ನಿಮಗೆ ದಿನಾ ಸಿಗೋ ಹಾಗಿರ್ಲಿ, ದೂರ ಇರೋ ಸುಂದರ ಜಾಗ ಬೇಡ. ಯಾಕೆ ಅಂದ್ರೆ ಸುಂದರವಾದ ಜಾಗದಲ್ಲಿ ಜಾಗಾನೇ ಅರ್ಧ ಕೆಲಸ ಮಾಡಿಬಿಡುತ್ತೆ, ನಿಮಗೆ ಉಳಿಯೋದು ಕಮ್ಮಿ. ಜೋಸೆಫ್ ಸುಡೆಕ್ ಅಂತ ಪ್ರಾಗ್‌ನ ಫೋಟೋಗ್ರಾಫರ್, ಮೊದಲ ಮಹಾಯುದ್ಧದಲ್ಲಿ ಬಲಗೈ ಕಳ್ಕೊಂಡೋರು, ಒಂಟಿ ಕೈಯಲ್ಲೇ ದೊಡ್ಡ ದೊಡ್ಡ ಪ್ಲೇಟ್ ಕ್ಯಾಮೆರಾ ಹಿಡಿದು 1940ರಿಂದ 1954ರವರೆಗೆ ತನ್ನ ಸ್ಟುಡಿಯೋದ ಕಿಟಕಿನೇ ತೆಗೆದ್ರು. ಅದೇ ಕಿಟಕಿ, ಗಾಜಿನ ಮೇಲೆ ಹನಿ, ಒಂದಿನ ಮಂಜು, ಒಂದಿನ ಹೊರಗಡೆ ಒಂದು ಸೊಟ್ಟ ಮರ, ಕಿಟಕಿ ಕಟ್ಟೆ ಮೇಲೆ ಒಂದು ಲೋಟ. ಮೊದಲ ವರ್ಷಗಳಲ್ಲಿ ಹೊರಗೆ ಎರಡನೇ ಮಹಾಯುದ್ಧ ನಡೀತಿತ್ತು, ನಗರ ಶತ್ರುಗಳ ಕೈಲಿತ್ತು, ಅದು ಆ ಫೋಟೋಗಳಲ್ಲಿ ನೇರವಾಗಿ ಎಲ್ಲೂ ಇಲ್ಲ, ಆದ್ರೂ ಆ ಹನಿ ಹಿಡಿದ ಗಾಜನ್ನ ನೋಡೋವಾಗ ಒಳಗಡೆ ಕೂತ ಒಬ್ಬ ಮನುಷ್ಯನ ಉಸಿರು ನನಗೆ ಗೊತ್ತಾಗುತ್ತೆ. ನಾನು ಮತ್ತೆ ಮತ್ತೆ ಹೋಗಿ ನೋಡೋ ಫೋಟೋಗಳು ಅವು.

ವೆಸ್ಟನ್ ವಿಷಯ ತಗೊಳ್ಳಿ, 1930ರಲ್ಲಿ ಒಂದು ದಪ್ಪ ಮೆಣಸಿನಕಾಯಿ ತೆಗೆದ್ರು, ಹೆಸರು ಪೆಪ್ಪರ್ ನಂಬರ್ 30. ಆ ನಂಬರೇ ಹೇಳುತ್ತೆ ಅದಕ್ಕೆ ಮುಂಚೆ ಎಷ್ಟು ನೆಗೆಟಿವ್ ಆಗಿತ್ತು ಅಂತ. ಮೊದ್ಲು ಬಿಳೀ ಹಿನ್ನೆಲೆ, ಬಟ್ಟೆ, ಏನೇನೋ ಇಟ್ಟು ನೋಡಿ ಕೊನೆಗೆ ಒಂದು ತಗಡಿನ ಆಲಿಕೆ ಅಡ್ಡ ಮಲಗಿಸಿ ಅದ್ರ ಬಾಯಲ್ಲಿ ಕಾಯಿ ಇಟ್ರು, ತಗಡಿನ ಒಳಮೈಯಿಂದ ಬೆಳಕು ವಾಪಸ್ ಬಂದು ಕಾಯಿಯ ಬಾಗುಗಳೆಲ್ಲ ಬೆನ್ನು, ತೋಳಿನ ಸ್ನಾಯುಗಳ ಥರ ಎದ್ದು ನಿಂತ್ವು. ಇದ್ರಲ್ಲಿ ಬ್ಲರ್ ಇಲ್ಲ, ಮಂಜಿಲ್ಲ. ಆ ಬೆಳಕು ಸಿಗೋವರೆಗೂ ಆ ಮನುಷ್ಯ ಬಿಡಲಿಲ್ಲ, ಅಷ್ಟೇ. ಇನ್ನು ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಅಂತ ಅಮೆರಿಕದ ಇನ್ನೊಬ್ಬ ಫೋಟೋಗ್ರಾಫರ್, ನಿನ್ನ ಫೋಟೋಗಳ ಶಕ್ತಿ ಎಲ್ಲಾ ನೀನು ಎದುರಿಗೆ ಕೂರಿಸಿಕೊಳ್ಳೋ ಜನರನ್ನ ಮೋಡಿ ಮಾಡೋದ್ರಲ್ಲಿದೆ ಅಂತ ಯಾರೋ ಅಂದ್ರು ಅಂತ 1922ರಲ್ಲಿ ಕ್ಯಾಮೆರಾನ ಮೋಡಗಳ ಕಡೆ ತಿರುಗಿಸಿದ್ರು, ಮೋಡ ಎಲ್ಲರಿಗೂ ಪುಕ್ಕಟೆ ಅಲ್ವಾ, ಹತ್ತು ವರ್ಷದ ಆಚೆಗೂ ಅದನ್ನೇ ತೆಗೆದ್ರು, ಅಂಗೈ ಅಗಲದ ಪುಟಾಣಿ ಪ್ರಿಂಟ್‌ಗಳು. ನಿಮ್ಮಲ್ಲಿ ಯಾರಿಗೂ ಮೋಡಕ್ಕೋ ಕಿಟಕಿಗೋ ಕೊರತೆ ಇರಲಿಕ್ಕಿಲ್ಲ.

ವಿಷಯ ಹಿಡಿದ್ಮೇಲೆ ಮೊದಲ ಎರಡು ವಾರ ಸುಮ್ನೆ ತೆಗೀರಿ, ಬೇರೆ ಬೇರೆ ಬೆಳಕಲ್ಲಿ, ಎಡಿಟಿಂಗ್ ಬೇಡ. ಆಮೇಲೆ ಚಿಕ್ಕ ಚಿಕ್ಕ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ. ಫೋನಲ್ಲಿ ನೋಡೋದು ಬೇರೆ, ಗೋಡೆ ಮೇಲೆ ದಿನಾ ಓಡಾಡ್ತಾ ಕಣ್ಣಿಗೆ ಬೀಳೋದು ಬೇರೆ, ಎರಡು ದಿನಕ್ಕೇ ಬೇಜಾರಾಗೋ ಫೋಟೋ ಯಾವುದು ಅಂತ ತಾನಾಗೇ ಗೊತ್ತಾಗುತ್ತೆ, ಅದನ್ನ ಕಿತ್ತಾಕಿ. ಉಳಿದಿದ್ದನ್ನ ನೋಡ್ತಾ ನಿಮ್ಮ ಮನಸ್ಸು ಯಾವ ಕಡೆ ಎಳೀತಿದೆ ಅಂತ ಗಮನಿಸಿ, ಮೂರನೇ ನಾಲ್ಕನೇ ವಾರ ಆ ಕಡೆಗೆ ಮಾತ್ರ ತೆಗೀರಿ. ನೀವು ಐದು ಜನ ಇರೋದು ಇಲ್ಲಿ ಉಪಯೋಗಕ್ಕೆ ಬರುತ್ತೆ, ಒಬ್ಬರ ಫೋಟೋ ಇನ್ನೊಬ್ಬರಿಗೆ ಏನೂ ಹೇಳದೆ ತೋರಿಸಿ, ಅವ್ರಿಗೆ ಏನನ್ನಿಸ್ತು ಅಂತ ಕೇಳಿ, ವಾದ ಮಾಡ್ಬೇಡಿ, ಬರ್ಕೊಳ್ಳಿ.

ಎನ್‌ಡಿ ಫಿಲ್ಟರ್: ವಿಷಯಕ್ಕೆ ಬೇಕಿದ್ರೆ ತಗೊಳ್ಳಿ. ಒಂದೊಂದು ಸ್ಟಾಪೂ ಬೆಳಕನ್ನ ಅರ್ಧ ಮಾಡುತ್ತೆ, ಹತ್ತು ಸ್ಟಾಪಿನದ್ದು ಹಾಕಿದ್ರೆ ಒಳಗೆ ಬರೋ ಬೆಳಕು 1024ರಲ್ಲಿ ಒಂದು ಪಾಲು, ಅಂದ್ರೆ 1/30 ಸೆಕೆಂಡಿನ ಎಕ್ಸ್‌ಪೋಷರ್ ಸುಮಾರು 34 ಸೆಕೆಂಡಾಗುತ್ತೆ, ಓಡೋ ನೀರು ಓಡೋ ಮೋಡ ಎಲ್ಲಾ ನಯವಾಗಿ ಹರಡಿಕೊಳ್ಳುತ್ತೆ. ನಿಮ್ಮ ಫೋಟೋಗೆ ಆ ನಯ ಯಾಕೆ ಬೇಕು ಅಂತ ಒಂದು ವಾಕ್ಯದಲ್ಲಿ ಹೇಳೋಕಾಗ್ದಿದ್ರೆ ದುಡ್ಡು ಉಳಿಸ್ಕೊಳ್ಳಿ.

ಬ್ಲ್ಯಾಕ್ ಅಂಡ್ ವೈಟ್ ಬಗ್ಗೆ. ನೀವು ಕಳಿಸಿರೋ ಮುದುಕರ ಕೈಗಳ ಫೋಟೋ, "ಕಾಲಚಕ್ರ" ಅಂತ ಹೆಸರಿಟ್ಟಿದ್ದು, ಅದ್ರಲ್ಲಿ ಬಣ್ಣ ತೆಗೆದು ಕಾಂಟ್ರಾಸ್ಟ್ ಪೂರ್ತಿ ಏರಿಸಿದೀರಿ, ಚರ್ಮದ ಒಂದೊಂದು ಸುಕ್ಕೂ ಬಿರುಕು ಬಿಟ್ಟ ನೆಲದ ಥರ ಆಗಿದೆ. ಆ ಕೈಗಳಲ್ಲಿದ್ದ ಮೆತ್ತನೆ ಗುಣ ಹೊರಟುಹೋಗಿದೆ, ಎಡಗೈ ಹೆಬ್ಬೆರಳು ಬಲಗೈಯನ್ನ ಹಿಡ್ಕೊಂಡಿರೋ ರೀತಿ ಎಷ್ಟು ಚೆನ್ನಾಗಿತ್ತು, ಅದು ಕಾಣಲ್ಲ ಈಗ. ಬಣ್ಣ ತೆಗೆಯೋದು ಅಂದ್ರೆ ಸ್ಯಾಚುರೇಶನ್ ಸೊನ್ನೆ ಮಾಡೋದಲ್ಲ, ಹಾಗೆ ಮಾಡಿದ್ರೆ ಕೆಂಪು ಹೂವು ಹಸಿರು ಎಲೆ ಎರಡೂ ಒಂದೇ ಬೂದು ಆಗಿಬಿಡ್ಬಹುದು. ಕಲರ್ ಚಾನೆಲ್ ಒಂದೊಂದಾಗಿ ಏರಿಸಿ ಇಳಿಸಿ ಯಾವ ಬಣ್ಣ ಎಷ್ಟು ಬೆಳ್ಳಗೆ, ಯಾವುದು ಎಷ್ಟು ಕಪ್ಪಗೆ ಅಂತ ನೀವೇ ತೀರ್ಮಾನ ಮಾಡ್ಬೇಕು. ಮತ್ತೆ ಆ ಹೆಸರು, ದಯವಿಟ್ಟು ಬದಲಾಯಿಸಿ. ಕಾಲಚಕ್ರ, ಏಕಾಂತ, ಅನಂತ, ಮೌನ, ಇವೆಲ್ಲ ಯಾವ ಫೋಟೋಗೆ ಬೇಕಾದ್ರೂ ಇಡಬಹುದಾದ ಹೆಸರುಗಳು. "ಅಜ್ಜನ ಕೈ, ಊಟ ಆದ್ಮೇಲೆ" ಅಂತ ಇಟ್ರೂ ಅದಕ್ಕಿಂತ ಮೇಲು, ನೋಡೋರಿಗೆ ಒಬ್ಬ ಮನುಷ್ಯ ಸಿಗ್ತಾನೆ.

ಫೋಟೋಶಾಪ್ ಮೋಸಾನಾ ಅನ್ನೋದು ಕಂಪ್ಯೂಟರಿಗಿಂತ ಬಹಳ ಹಿಂದಿನ ಪ್ರಶ್ನೆ. 1857ರಲ್ಲಿ ಇಂಗ್ಲೆಂಡಲ್ಲಿ ಆಸ್ಕರ್ ರೆಯ್ಲಾಂಡರ್ ಅನ್ನೋ ಫೋಟೋಗ್ರಾಫರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಜೋಡಿಸಿ ಒಂದು ದೊಡ್ಡ ಚಿತ್ರ ಮಾಡಿದ್ರು, ವಿಕ್ಟೋರಿಯಾ ರಾಣಿ ಅದ್ರ ಒಂದು ಪ್ರತಿ ಕೊಂಡ್ಕೊಂಡ್ರು. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್ ಸೇರಿಸಿ ಸಾಯ್ತಿರೋ ಹುಡುಗಿಯ ದೃಶ್ಯ ಕಟ್ಟಿದಾಗ ಇಂಥ ನೋವಿನ ಗಳಿಗೇನ ಫೋಟೋ ಮಾಡೋದಾ ಅಂತ ಜನ ಸಿಟ್ಟಾದ್ರು. ಆನ್ಸೆಲ್ ಆಡಮ್ಸ್ 1941ರಲ್ಲಿ ಹರ್ನಾಂಡೆಜ್ ಅನ್ನೋ ಹಳ್ಳಿಯ ಮೇಲೆ ಚಂದ್ರ ಹುಟ್ಟೋದನ್ನ ತೆಗೆದು ಆಮೇಲೆ ದಶಕಗಳ ಕಾಲ ಅದೇ ನೆಗೆಟಿವನ್ನ ಮತ್ತೆ ಮತ್ತೆ ಪ್ರಿಂಟ್ ಮಾಡಿದ್ರು, ಬರ್ತಾ ಬರ್ತಾ ಆಕಾಶ ಇನ್ನೂ ಕಪ್ಪಗಾಯ್ತು. ಫೈನ್ ಆರ್ಟಲ್ಲಿ ಇದೆಲ್ಲ ಕೆಲಸದ ಒಂದು ಭಾಗ. ಮೋಸ ಆಗೋದು ಸ್ಪರ್ಧೆಯ ನಿಯಮಕ್ಕೆ ಸುಳ್ಳು ಹೇಳಿದಾಗ. ನೇಚರ್ ವಿಭಾಗದಲ್ಲಿ ಇರೋದನ್ನ ಅಳಿಸೋದು ಇಲ್ಲದ್ದನ್ನ ಸೇರಿಸೋದು ಸಾಮಾನ್ಯವಾಗಿ ನಿಷಿದ್ಧ, ಫೈನ್ ಆರ್ಟಲ್ಲಿ ಬಿಡ್ತಾರೆ, ಆದ್ರೂ ಪ್ರತಿ ಸ್ಪರ್ಧೆಯ ನಿಯಮ ಪೂರ್ತಿ ಓದಿ, ಒರಿಜಿನಲ್ ರಾ ಫೈಲ್ (ಕ್ಯಾಮೆರಾ ಕೊಟ್ಟ, ಎಡಿಟ್ ಮಾಡದ ಫೈಲ್) ಇಟ್ಕೊಂಡಿರಿ, ಕೇಳಿದ್ರೆ ತೋರಿಸ್ಬೇಕಾಗುತ್ತೆ. ಸೇರಿಸೋ ಆಕಾಶವೂ ನೀವೇ ತೆಗೆದಿದ್ದಾಗಿರ್ಲಿ. ಎಐ ಚಿತ್ರ ಅಂತೂ ಈ ವಿಭಾಗಕ್ಕೆ ಕಳಿಸ್ಲೇಬೇಡಿ. 2023ರಲ್ಲಿ ಜರ್ಮನಿಯ ಕಲಾವಿದ ಬೋರಿಸ್ ಎಲ್ಡಾಗ್ಸೆನ್ ಎಐಯಿಂದ ಮಾಡಿದ ಚಿತ್ರ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನಲ್ಲಿ ಗೆದ್ದಾಗ ಅವರೇ ಬಹುಮಾನ ಬೇಡ ಅಂದ್ರು, ಇದು ಫೋಟೋಗ್ರಫಿ ಅಲ್ಲ, ಎರಡೂ ಒಂದೇ ಸ್ಪರ್ಧೇಲಿ ಇರಬಾರದು ಅಂತ. ನನಗೂ ಅದೇ ಸರಿ ಅನ್ಸುತ್ತೆ.

ಕೊನೇ ವಾರಕ್ಕೆ ಉಳಿಯೋದು ಫೈಲಿನ ಕೆಲಸ. ಮಾನಿಟರ್ ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟು ಎಡಿಟ್ ಮಾಡಿದ್ರೆ ಜಡ್ಜ್ ಸ್ಕ್ರೀನಲ್ಲಿ ನಿಮ್ಮ ಫೋಟೋ ಮಂಕಾಗಿ ಕಾಣುತ್ತೆ, ಸ್ವಲ್ಪ ಇಳಿಸಿ ಮಾಡಿ. ಅವ್ರು ಬೇರೆ ಏನೂ ಹೇಳದಿದ್ರೆ ಎಸ್‌ಆರ್‌ಜಿಬಿ ಅನ್ನೋ ಮಾಮೂಲಿ ಬಣ್ಣದ ಸೆಟ್ಟಿಂಗಲ್ಲೇ ಸೇವ್ ಮಾಡಿ, ಅಳತೆ ಅವ್ರು ಕೇಳಿದಷ್ಟೇ ಇರ್ಲಿ, ಫೋಟೋ ಮೇಲೆ ನಿಮ್ಮ ಸಹಿ ವಾಟರ್‌ಮಾರ್ಕ್ ಬೇಡ. ನಾಲ್ಕು ಫೋಟೋ ಕಳಿಸಬಹುದು ಅಂದಿದ್ರೆ ನಾಲ್ಕು ತುಂಬಿಸ್ಲೇಬೇಕು ಅಂತೇನಿಲ್ಲ, ಎರಡು ಗಟ್ಟಿ ಇದ್ರೆ ಎರಡೇ ಸಾಕು. ಟಿಪ್ಪಣಿ ಕೇಳಿದ್ರೆ ಮೂರ್ನಾಲ್ಕು ಸಾಲು ಬರೀರಿ, ಏನು ತೆಗೆದ್ರಿ, ಯಾಕೆ ಅದನ್ನೇ ತೆಗೆದ್ರಿ, ಮನೆಯವರಿಗೆ ಹೇಳೋ ಹಾಗೆ.

ಆ ಕೆರೆಯ ಫೋಟೋಗಳನ್ನ ಬಿಸಾಕ್ಬೇಡಿ, ಮಂಜಲ್ಲಿ ದೋಣಿ ಅರ್ಧ ಕರಗಿರೋ ಅಡ್ಡ ಫ್ರೇಮ್ ಇದೆಯಲ್ಲ, ಅದನ್ನ ಯಾವುದಾದ್ರೂ ಲ್ಯಾಂಡ್‌ಸ್ಕೇಪ್ ವಿಭಾಗಕ್ಕೆ ಧೈರ್ಯವಾಗಿ ಕಳಿಸಿ, ಮೂಲೆಯ ಕೊಂಬೆ ಮಾತ್ರ ಕ್ರಾಪ್ ಮಾಡಿ. ಹೊಸ ಕೆಲಸ ನಾಲ್ಕನೇ ವಾರಕ್ಕೆ ಎಷ್ಟಾಗಿರುತ್ತೋ ಅಷ್ಟನ್ನ ನನಗೂ ಕಳಿಸಿ, ಚಿಕ್ಕ ಸೈಜಲ್ಲಿ ಸಾಕು. ಯಾವುದನ್ನ ಇಟ್ಕೋಬಹುದು, ಯಾವುದನ್ನ ಬಿಡಬಹುದು ಅಂತ ಒಂದೊಂದಕ್ಕೂ ಕಾರಣ ಕೊಟ್ಟು ಬರೆದು, ಕೊನೇ ದಿನಕ್ಕಿಂತ ಮುಂಚೆನೇ ನಿಮಗೆ ತಲುಪಿಸ್ತೀನಿ.

– ಸಂಪಾದಕ