ಬ್ರಿಟನ್ನಿನ ಮಕ್ಕಳಲ್ಲಿ ಬೊಜ್ಜು ಹೆಚ್ಚಲು ಕಾರಣವೇನು?

ಮಕ್ಕಳ ಬಾಯಿಚಪಲವನ್ನು ದೂರುವುದು ಸುಲಭ. ನನ್ನ ಪ್ರಕಾರ ನೋಡಬೇಕಾದದ್ದು ಅಪ್ಪ ಅಮ್ಮಂದಿರ ಜೇಬನ್ನು. ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಾಲೆ ಮುಗಿಸುವ 10–11 ವರ್ಷದ ಮಕ್ಕಳಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬೊಜ್ಜಿದೆ. ಕಡುಬಡ ಪ್ರದೇಶಗಳಲ್ಲಂತೂ ಈ ಪ್ರಮಾಣ ಸಿರಿವಂತ ಪ್ರದೇಶಗಳ ಎರಡು ಪಟ್ಟಿಗೂ ಹೆಚ್ಚು. ಅಷ್ಟೇ ಕ್ಯಾಲೊರಿಗೆ ಲೆಕ್ಕ ಹಾಕಿದರೆ ಹಣ್ಣು, ತರಕಾರಿಗಿಂತ ಬಿಸ್ಕತ್ತು, ಚಿಪ್ಸ್, ಸಿದ್ಧ ಪಿಜ್ಜಾ ತೀರ ಅಗ್ಗ. ಇಬ್ಬರೂ ದುಡಿದು ದಣಿದು ಬರುವ ಮನೆಯಲ್ಲಿ ಓವನ್ನಿಗೆ ತಳ್ಳಿದರೆ ಊಟ ಮುಗಿಯಿತು. ಕರಿದ ಕೋಳಿಯ ಅಂಗಡಿಗಳೂ ಬಡ ಬಡಾವಣೆಗಳಲ್ಲೇ ಹೆಚ್ಚು. ಶಾಲೆ ಬಿಟ್ಟ ಮೇಲೆ ಹುಡುಗರಿಗೆ ಅದೇ ಹರಟೆಕಟ್ಟೆ, ನಮ್ಮಲ್ಲಿ ಬೇಕರಿ ಇರುವ ಹಾಗೆ. 2018ರಲ್ಲಿ ಸಿಹಿ ತಂಪು ಪಾನೀಯಗಳಿಗೆ ಸಕ್ಕರೆ ತೆರಿಗೆ ಬಂದಾಗ ಅನೇಕ ಕಂಪನಿಗಳು ಸಕ್ಕರೆಯನ್ನೇ ಇಳಿಸಿದವು. ಕೇಕು, ಚಾಕೊಲೇಟುಗಳಿಗೆ ಮಾತ್ರ ಆ ತೆರಿಗೆ ತಟ್ಟಲಿಲ್ಲ.