ಮೈಕಲ್ ಮಿಲ್ಕೆನ್ ಜೈಲಿಗೆ ಹೋಗಿದ್ದು ಯಾಕೆ? ಈಗ ಅವರನ್ನು ದಾನಿ ಅಂತ ಕರೆಯುವುದು ಸರಿಯಾ?

ಅಪರಾಧವೂ ನಿಜ, ದಾನವೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

1980ರ ದಶಕದಲ್ಲಿ ಮಿಲ್ಕೆನ್ ಅಮೆರಿಕದ ಡ್ರೆಕ್ಸೆಲ್ ಬರ್ನ್‌ಹ್ಯಾಮ್ ಲ್ಯಾಂಬರ್ಟ್ ಅನ್ನುವ ಹೂಡಿಕೆ ಬ್ಯಾಂಕಿನಲ್ಲಿದ್ದರು. ಬೆವರ್ಲಿ ಹಿಲ್ಸ್ ಕಚೇರಿಯಲ್ಲಿ ಎಕ್ಸ್ ಆಕಾರದ ದೊಡ್ಡ ಮೇಜು, ಅದರ ನಡುವೆ ಕೂತು ಬೆಳಕು ಹರಿಯುವ ಮೊದಲೇ ವ್ಯವಹಾರ ಶುರು. ಸಾಲ ತೀರಿಸುವ ಸಾಮರ್ಥ್ಯದ ರೇಟಿಂಗ್ ಕಡಿಮೆ ಇರುವ ಕಂಪನಿಗಳ ಸಾಲಪತ್ರಗಳನ್ನು, ಅಂದರೆ ಜಂಕ್ ಬಾಂಡ್‌ಗಳನ್ನು, ಅವರು ಮಾರುತ್ತಿದ್ದರು. ಇಂಥ ಹಲವು ಬಾಂಡ್‌ಗಳನ್ನು ಒಟ್ಟಿಗೆ ಇಟ್ಟುಕೊಂಡರೆ, ಕೆಲವು ಮುಳುಗಿದರೂ ಉಳಿದವುಗಳ ಜಾಸ್ತಿ ಬಡ್ಡಿ ಆ ನಷ್ಟವನ್ನು ತುಂಬಿಕೊಡುತ್ತದೆ ಅನ್ನುವುದು ಅವರ ಲೆಕ್ಕ. ದೂರವಾಣಿ ಕಂಪನಿ ಎಂಸಿಐನಂಥ ಹೊಸ ಕಂಪನಿಗಳಿಗೆ ಬಂಡವಾಳ ಸಿಕ್ಕಿದ್ದು ಹೀಗೇ. ಆದರೆ ಇದೇ ದುಡ್ಡಲ್ಲಿ ಬಲವಂತದ ಕಂಪನಿ ಸ್ವಾಧೀನಗಳೂ ನಡೆದವು. 1987ರಲ್ಲಿ ಅವರೊಬ್ಬರ ಗಳಿಕೆಯೇ ಸುಮಾರು 55 ಕೋಟಿ ಡಾಲರ್!

1989ರಲ್ಲಿ 98 ಆರೋಪಗಳು ಬಂದವು. ಮರುವರ್ಷ ಷೇರುಪೇಟೆ ಕಾನೂನು ಮತ್ತು ತೆರಿಗೆಗೆ ಸಂಬಂಧಿಸಿದ 6 ಅಪರಾಧಗಳನ್ನು ಒಪ್ಪಿಕೊಂಡರು. 60 ಕೋಟಿ ಡಾಲರ್ ಕಟ್ಟಬೇಕಾಯಿತು, ಷೇರುಪೇಟೆ ವ್ಯವಹಾರದಿಂದ ಜೀವನಪೂರ್ತಿ ನಿಷೇಧ. 10 ವರ್ಷದ ಶಿಕ್ಷೆ ಕಡಿತವಾಗಿ, ಸುಮಾರು 2 ವರ್ಷ ಜೈಲಲ್ಲಿದ್ದರು.

1993ರಲ್ಲಿ ಹೊರಬಂದ ಕೂಡಲೇ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅದೇ ವರ್ಷ ಆ ಕ್ಯಾನ್ಸರ್ ಸಂಶೋಧನೆಗೆ ಹಣ ಕೊಡುವ ಸಂಸ್ಥೆ ಕಟ್ಟಿದರು, ಈಗಿನ ಪ್ರಾಸ್ಟೇಟ್ ಕ್ಯಾನ್ಸರ್ ಫೌಂಡೇಶನ್ ಅದೇ. ಹೆಸರು ತೊಳೆದುಕೊಳ್ಳಲು ಸುಮ್ನೆ ದಾನ ಶುರು ಮಾಡಿದರು ಅನ್ನುವವರು ಒಂದು ಗಮನಿಸಬೇಕು: ಮಿಲ್ಕೆನ್ ಕುಟುಂಬದ ಫೌಂಡೇಶನ್ 1982ರಲ್ಲೇ ಶುರುವಾಗಿತ್ತು, ಕೇಸಿಗಿಂತ ಎಷ್ಟೋ ಮೊದಲು. ಹಾಗಂತ ಅಪರಾಧ ಸಣ್ಣದಾಗುವುದಿಲ್ಲ ಅಲ್ವಾ? 2020ರಲ್ಲಿ ಟ್ರಂಪ್ ಕ್ಷಮಾದಾನ ಕೊಟ್ಟರು. ನನ್ನ ಪ್ರಕಾರ ಅದಕ್ಕಿಂತ ಆ ಸಂಶೋಧನೆಯ ಕೆಲಸವೇ ದೊಡ್ಡದು.